ಷರಾ ಇಲ್ಲದ ಹಾಳೆ

ಆ ಕಚೇರಿಯಲ್ಲಿ ಒಂದು ಮಾತು ಓಡಾಡುತ್ತಿತ್ತು. ಯಾವ ಎಣಿಕೆ ಹಾಳೆಯ ಮೇಲೆ ಸ್ವಲ್ಪ ಅನುಮಾನ ಬಂದರೂ ಸಾಕು, "ಇದು ನಿದ್ದೆ ಹಾಳೆ ಕಣ್ರೀ, ಪಕ್ಕಕ್ಕಿಡಿ" ಅನ್ನುತ್ತಿದ್ದರು. ಹೊಸದಾಗಿ ಸೇರಿದವರೂ ವಾರದೊಳಗೆ ಕಲಿತುಬಿಡುತ್ತಿದ್ದರು. ಆ ಮಾತು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, "ಹಿಂದೆ ಯಾರೋ ಒಬ್ಬ ಮಹಾರಾಯ ರಸ್ತೆ ಪಕ್ಕ ಕೂತು ಗಾಡಿ ಎಣಿಸೋ ಬದಲು ಗೊರಕೆ ಹೊಡೆದಿದ್ನಂತೆ" ಅಂತ ಹೇಳಿ ನಗುತ್ತಿದ್ದರು. ಆ ಮಹಾರಾಯನ ಮಗಳು ಅದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಮೂರನೇ ಮೇಜಿನಲ್ಲಿ ಕೂತು, ಆರು ವರ್ಷದಿಂದ ಆ ನಗು ಕೇಳುತ್ತಿದ್ದಳು. ಅವಳೂ ನಗುತ್ತಿದ್ದಳು, ಬೇರೆ ದಾರಿ ಏನಿತ್ತು?

ಅವಳನ್ನು ಎಲ್ಲರೂ ಎಣಿಕೆ ಮೇಡಂ ಅನ್ನುತ್ತಿದ್ದರು. ನಗರದ ಸುತ್ತಲಿನ ಹೆದ್ದಾರಿಯಲ್ಲಿ ಎಷ್ಟು ಗಾಡಿ ಓಡುತ್ತವೆ, ಯಾವ ಹೊತ್ತಿನಲ್ಲಿ, ಯಾವ ಲೇನಿನಲ್ಲಿ ಅಂತ ಲೆಕ್ಕ ಇಡುವ ವಿಭಾಗಕ್ಕೆ ಅವಳೇ ಇಂಜಿನಿಯರು. ಕೆಲಸದಲ್ಲಿ ಅವಳದು ಎತ್ತಿದ ಕೈ. ಹಾಳೆ ಕೈಗೆ ಕೊಟ್ಟರೆ ಎರಡು ನಿಮಿಷದಲ್ಲಿ ಯಾವ ಹುಡುಗ ನಿಜವಾಗಿ ಎಣಿಸಿದ್ದಾನೆ, ಯಾವನು ಟೀ ಅಂಗಡಿಯಲ್ಲಿ ಕೂತು ಬರೆದಿದ್ದಾನೆ ಅಂತ ಹೇಳಿಬಿಡುತ್ತಿದ್ದಳು. ಇದನ್ನೆಲ್ಲ ಯಾರು ಕಲಿಸಿದರು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು.

ಕಲಿಸಿದವನು ಅಪ್ಪ. ಅಪ್ಪ ಇಪ್ಪತ್ತೆರಡು ವರ್ಷ ಆ ಇಲಾಖೆಯಲ್ಲಿ ಗಾಡಿ ಎಣಿಸಿದವನು. ಸೇತುವೆಯ ಕೆಳಗೆ, ರಸ್ತೆ ಸಪೂರವಾಗುವ ಜಾಗದಲ್ಲಿ, ಒಂದು ಸಿಮೆಂಟಿನ ಕಟ್ಟೆ. ಅದರ ಮೇಲೆ ಕೂತು, ಕೈಯಲ್ಲಿ ಒತ್ತುವ ಎಣಿಕೆ ಗುಂಡಿ ಹಿಡಿದು, ಕಾಲು ಗಂಟೆಗೊಮ್ಮೆ ಹಾಳೆಯಲ್ಲಿ ಅಂಕಿ ಬರೆಯಬೇಕು. ಅವನು ಮಗಳಿಗೆ ಕಲಿಸಿದ ಮೊದಲ ಪಾಠ ಇದು: "ನಾವು ಎಣಿಸೋದು ಮುಂದೆ ಹಾದುಹೋದ ಗಾಡೀನ ಮಾತ್ರ ಮಗಳೇ. ರಸ್ತೆ ಖಾಲಿ ಇದ್ರೂ ಕಮ್ಮಿ ಹಾದುಹೋಗ್ತವೆ, ರಸ್ತೆ ಕಿಕ್ಕಿರಿದು ನಿಂತುಬಿಟ್ರೂ ಕಮ್ಮಿ ಹಾದುಹೋಗ್ತವೆ. ಅಂಕಿ ನೋಡಿದ್ರೆ ಎರಡೂ ಅವಳಿ ಮಕ್ಕಳು, ಗುರುತೇ ಸಿಗಲ್ಲ. ಅದಕ್ಕೇ ಕೊನೇಲಿ ಷರಾ ಅಂತ ಒಂದು ಕಾಲಂ ಇರೋದು. ಅಲ್ಲಿ ಬರೀಬೇಕು, ಗಾಡಿ ನಿಂತಿವೆ ಅಂತ. ಷರಾ ಬರೀದೆ ಇರೋ ಹಾಳೆ ಅರ್ಧ ಸುಳ್ಳು."

ಹತ್ತೊಂಬತ್ತು ವರ್ಷದ ಹಿಂದೆ ಆ ಜಾಗದಲ್ಲಿ ರಸ್ತೆ ಅಗಲ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂತು. ಅಪ್ಪ ಎಣಿಸಿದ. ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂಕಾಲು, ಒಳಲೇನು, ಎಂಬತ್ತೆಂಟು ಗಾಡಿ. ಷರಾ ಕಾಲಮ್ಮಿನಲ್ಲಿ ದಪ್ಪಕ್ಷರದಲ್ಲಿ ಬರೆದ: ಗಾಡಿಗಳು ನಿಂತಿವೆ, ಸಾಲಿನ ಕೊನೆ ಕಣ್ಣಿಗೆ ಕಾಣುತ್ತಿಲ್ಲ. ಆ ಹಾಳೆ ಹೋಗಿದ್ದು ಆಗಿನ್ನೂ ಮೀಸೆ ಕಪ್ಪಗಿದ್ದ ಒಬ್ಬ ಇಂಜಿನಿಯರನ ಮೇಜಿಗೆ. ಆ ಪುಣ್ಯಾತ್ಮ ಎಲ್ಲ ಹಾಳೆಗಳನ್ನೂ ಹೊಸದಾಗಿ ನೀಟಾಗಿ ನಕಲು ಮಾಡಿಸಿದ. ಅಂಕಿಗಳನ್ನು ಇಟ್ಟುಕೊಂಡ, ಷರಾ ಕಾಲಮ್ಮನ್ನು ಜಾಗ ಉಳಿಯಲಿ ಅಂತ ಬಿಟ್ಟುಬಿಟ್ಟ, ಮೂಲ ಹಾಳೆಗಳನ್ನು ರದ್ದಿಗೆ ಹಾಕಿದ. ಬೆಳಿಗ್ಗೆ ಒಂಬತ್ತಕ್ಕೆ ಬರೀ ಎಂಬತ್ತೆಂಟು ಗಾಡಿ, ರಸ್ತೆ ಖಾಲಿ ಹೊಡೀತಿದೆ, ಅಗಲ ಮಾಡೋದು ದಂಡ ಅಂತ ವರದಿ ಬರೆದ. ವರ್ಷ ಕಳೆಯುವುದರೊಳಗೆ ಅಲ್ಲಿ ಜನ ಗಾಡಿಯಿಂದಿಳಿದು ನಡೆದುಕೊಂಡು ಹೋಗುವ ಹಾಗಾಯಿತು. ಪತ್ರಿಕೆಗಳು ಉಗಿದವು. ತನಿಖೆ ಬಂತು. ಇಂಜಿನಿಯರು ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡ: "ಎಣಿಸೋನು ನಿದ್ದೆ ಮಾಡಿದ್ದಾನೆ."

ಅಪ್ಪ ಎದೆ ಬಡಿದುಕೊಂಡು ಹೇಳಿದ, ಸಾರ್, ನಾನು ಷರಾ ಬರೆದಿದ್ದೆ ಸಾರ್. ಇಂಜಿನಿಯರು ನಕಲು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಹಾಳೆಯಲ್ಲಿ ಇಲ್ವಲ್ಲ," ಅಂದ. ಅಷ್ಟೇ. ಅಪ್ಪನ ಕೆಲಸ ಹೋಯಿತು. ಅಮ್ಮ ಹೊಲಿಗೆ ಯಂತ್ರ ಇಟ್ಟುಕೊಂಡು, ಕಣ್ಣು ಮಂಜಾಗುವ ತನಕ ಊರವರ ಬಟ್ಟೆ ಹೊಲಿದು ಸಂಸಾರ ತೂಗಿಸಿದಳು. ಒಂದು ದಿನ ಅವಳು ತೀರಿಹೋದಳು. ಶಾಲೆಯಲ್ಲಿ ಮಗಳಿಗೆ ನಿದ್ದೆರಾಯನ ಮಗಳು ಅಂತ ಹೆಸರು ಬಿತ್ತು. ತರಗತಿಯಲ್ಲಿ ಅವಳು ಒಂದು ಸಲ ಆಕಳಿಸಿದರೆ ಸಾಕು, ಇಡೀ ಬೆಂಚು ಗೊಳ್ಳೆಂದು ನಗುತ್ತಿತ್ತು. ಹದಿನಾಲ್ಕು ವರ್ಷದ ಹುಡುಗಿ ಆಕಳಿಕೆಯನ್ನು ಹಲ್ಲು ಕಚ್ಚಿ ನುಂಗುವುದನ್ನು ಕಲಿತಳು. ಅದರ ಜೊತೆ ಇನ್ನೂ ಒಂದನ್ನು ನುಂಗಿಕೊಂಡಳು, ಅದು ಕರಗಲೇ ಇಲ್ಲ.

ಆ ಇಂಜಿನಿಯರು ಈಗ ದೊಡ್ಡ ಸಾಹೇಬ. ನಿವೃತ್ತಿಗೆ ಎಂಟು ತಿಂಗಳು ಬಾಕಿ. ನಿವೃತ್ತಿಯಾದ ಮೇಲೆ ಸಲಹೆಗಾರನಾಗಿ ಅದೇ ಕುರ್ಚಿಯಲ್ಲಿ ಕೂರುವ ಏರ್ಪಾಡೂ ಆಗಿತ್ತು. ಎಣಿಕೆ ಮೇಡಂ ಯಾರ ಮಗಳು ಅಂತ ಅವನಿಗೆ ಗೊತ್ತಿರಲಿಲ್ಲ. ಕೆಳಗಿನವರಿಗೂ ಅಪ್ಪ ಅಮ್ಮ ಅಂತ ಇರುತ್ತಾರೆ ಅನ್ನುವುದು ಆ ಮನುಷ್ಯನ ತಲೆಗೆ ಹೊಳೆದದ್ದೇ ಇಲ್ಲ ಅಂತ ಕಾಣುತ್ತದೆ. "ಏನಮ್ಮಾ ಎಣಿಕೆ, ಹೇಗಿದ್ದೀಯ?" ಅಂತ ಬೆನ್ನು ತಟ್ಟಿ ಹೋಗುತ್ತಿದ್ದ. ಅವನು ತಟ್ಟಿದ ಜಾಗ ಸಂಜೆಯ ತನಕ ಉರಿಯುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತನಿಖೆಯ ಕಡತದಲ್ಲಿ ಒಂದು ಸಾಲು ಇತ್ತು: ಎಣಿಕೆಗಾರನು ಕರ್ತವ್ಯದ ವೇಳೆ ನಿದ್ರಿಸುತ್ತಿದ್ದನು. ದಾಖಲೆ ಕೋಣೆಯ ಧೂಳಿನಲ್ಲಿ ಮೂರು ದಿನ ಹುಡುಕಿ ಅವಳು ಅದನ್ನು ಕಣ್ಣಾರೆ ಓದಿದ್ದಳು. ಅಪ್ಪ ಕಣ್ಣು ಮುಚ್ಚುವುದರೊಳಗೆ ಆ ಸಾಲು ಅಳಿಸಿಹೋಗಬೇಕು. ಮತ್ತೆ, ಅದನ್ನು ಬರೆಸಿದವನು ಅಪ್ಪ ನಿಂತ ಹಾಗೇ ನಾಲ್ಕು ಜನರ ಮುಂದೆ ಬಾಯಿ ಒಣಗಿಸಿಕೊಂಡು ನಿಲ್ಲಬೇಕು. ಎರಡರಲ್ಲಿ ಯಾವುದು ಮೊದಲು ಅಂತ ಕೇಳಿದ್ದರೆ ಅವಳಿಗೇ ಹೇಳಲು ಆಗುತ್ತಿರಲಿಲ್ಲ.

ಹೀಗಿರುವಾಗ ಟೋಲ್ ಲೇನಿನ ಅಧ್ಯಯನ ಬಂತು.

ಹೆದ್ದಾರಿಯಲ್ಲಿ ಆ ಕಡೆಗೆ ಮೂರು ಲೇನು, ಈ ಕಡೆಗೆ ಮೂರು ಲೇನು. ಒಳಗಿನ ಒಂದೊಂದು ಲೇನನ್ನು ಬೇರ್ಪಡಿಸಿ ಅದಕ್ಕೆ ಟೋಲ್ ಹಾಕಿದರೆ ಹೇಗೆ? ಅವಸರ ಇದ್ದವರು ದುಡ್ಡು ಕೊಟ್ಟು ಸರ‍್ರನೆ ಹೋಗಲಿ, ಉಳಿದವರಿಗೂ ದಟ್ಟಣೆ ಕಡಿಮೆಯಾಗಲಿ. ಹೀಗೆ ಆಗುತ್ತದೋ ಇಲ್ಲವೋ ಅಂತ ಅಧ್ಯಯನ ಮಾಡಿ ಹೇಳಲು ಸಮಿತಿ ಆಯಿತು. ಎಲ್ಲ ನಿಂತಿದ್ದದ್ದು ಒಂದೇ ಪ್ರಶ್ನೆಯ ಮೇಲೆ: ಒಳಲೇನಿನಲ್ಲಿ ಜಾಗ ಖಾಲಿ ಇದೆಯಾ? ಇದ್ದರೆ ಅದನ್ನು ತೆಗೆದುಕೊಂಡರೂ ಯಾರಿಗೂ ತೊಂದರೆ ಇಲ್ಲ. ಇಲ್ಲದಿದ್ದರೆ ಅಲ್ಲಿರುವ ಗಾಡಿಗಳೆಲ್ಲ ಉಳಿದ ಎರಡು ಲೇನಿಗೆ ನುಗ್ಗಿ ಜನರ ಪ್ರಾಣ ಹಿಂಡುತ್ತವೆ.

ದೊಡ್ಡ ಸಾಹೇಬ ಕರಡು ವರದಿ ಬರೆದು ಅವಳ ಮೇಜಿಗೆ ಕಳಿಸಿದ. ಹನ್ನೊಂದನೇ ಪುಟದಲ್ಲಿ ಅವಳ ಕಣ್ಣು ನಿಂತಿತು. ರಸ್ತೆಯೊಳಗೆ ಹುಗಿದಿದ್ದ ಎಣಿಕೆ ಯಂತ್ರದ ಅಂಕಿಗಳನ್ನು ಕೊಟ್ಟು ಅವನು ಬರೆದಿದ್ದ: ಬೆಳಗಿನ ಒಂಬತ್ತು ಗಂಟೆಗೆ ಸೇತುವೆಯ ಬಳಿ ಒಳಲೇನು ಮುಕ್ಕಾಲು ಪಾಲು ಖಾಲಿ ಇರುತ್ತದೆ, ಆದ್ದರಿಂದ ಟೋಲ್ ಲೇನಿಗೆ ಯೋಗ್ಯ.

ಅಯ್ಯೋ ಶಿವನೇ! ಅದೇ ತಪ್ಪು. ಅದೇ ಜಾಗ, ಅದೇ ಹೊತ್ತು, ಅದೇ ಮನುಷ್ಯ. ಹತ್ತೊಂಬತ್ತು ವರ್ಷದಲ್ಲಿ ಅವನ ಮೀಸೆ ನೆರೆತಿತ್ತು, ತಲೆ ಬೆಳೆದಿರಲಿಲ್ಲ. ಅವಳಿಗೆ ನಗು ಬಂತು. ಪೆನ್ಸಿಲ್ ತೆಗೆದು ಅಂಚಿನಲ್ಲಿ ಎರಡು ಪದ ಬರೆದರೆ ಸಾಕಿತ್ತು, ಗಾಡಿ ನಿಂತಿವೆ ಅಂತ. ಅದು ಅವಳ ಕೆಲಸವೂ ಹೌದು, ಅದಕ್ಕೇ ಸಂಬಳ. ಪೆನ್ಸಿಲ್ಲನ್ನು ಡ್ರಾಯರಿನೊಳಗೆ ಹಾಕಿ ಬೀಗ ಜಡಿದಳು. "ಪರಿಶೀಲಿಸಿದೆ" ಅಂತ ಸಹಿ ಮಾಡಿ ಕಳಿಸಿದಳು.

ಸಮಿತಿಯ ನಿಯಮ ಒಂದಿತ್ತು. ಯಂತ್ರದ ಎಣಿಕೆಗೆ ಒಂದು ಗಂಟೆಯ ಕೈ ಎಣಿಕೆ ಸಾಕ್ಷಿಯಾಗಿರಬೇಕು, ಎಣಿಸಿದವರ ಸಹಿ ಇರಬೇಕು. ಅವಳು ಸಾಹೇಬನ ಕೋಣೆಗೆ ಹೋದಳು. ಗಾಜಿನ ಮೇಜು, ಅದರ ಮೇಲೆ ಒಂದು ಪುಟ್ಟ ಹಿತ್ತಾಳೆಯ ಸೇತುವೆ, ಗೋಡೆ ತುಂಬ ಪ್ರಶಸ್ತಿ ಪತ್ರಗಳು.

"ಸಾರ್, ಕೈ ಎಣಿಕೆಗೆ ಯಾರನ್ನ ಕಳಿಸ್ಲಿ?"

"ಯಾರನ್ನಾದ್ರೂ ಕಳಿಸಮ್ಮ. ನಿದ್ದೆ ಮಾಡದೇ ಇರೋನನ್ನ ಕಳಿಸು," ಅಂತ ಅವನು ತನ್ನ ಜೋಕಿಗೆ ತಾನೇ ನಕ್ಕ.

ಅವಳೂ ನಕ್ಕಳು. "ಅದೇ ಭಯ ಸಾರ್. ಈಗಿನ ಹುಡುಗರನ್ನ ನಂಬೋ ಹಾಗಿಲ್ಲ. ನಾನೊಂದು ಮಾತು ಹೇಳ್ಲಾ? ನೀವೇ ಒಂದು ಗಂಟೆ ಎಣಿಸಿದ್ರೆ? ಇಷ್ಟು ದೊಡ್ಡ ಹುದ್ದೇಲಿರೋರು ರಸ್ತೆ ಪಕ್ಕ ಕೂತು ಎಣಿಸಿದ್ರು ಅಂದ್ರೆ ಸಮಿತೀಲಿ ಒಬ್ಬರೂ ಪಿಟಕ್ ಅನ್ನಲ್ಲ. ಪತ್ರಿಕೆಯವರಿಗೂ ಹೇಳೋಣ. ನಿವೃತ್ತಿಗೆ ಮುಂಚೆ ಒಂದು ಒಳ್ಳೇ ಫೋಟೋ."

ಅವನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. ಅವಳು ಬೆಣ್ಣೆ ಹಚ್ಚುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗಲಿಲ್ಲ ಅಂತಲ್ಲ. ಹಚ್ಚಿಸಿಕೊಂಡು ಹಚ್ಚಿಸಿಕೊಂಡು ಅದು ಅವನಿಗೆ ಸ್ನಾನದಷ್ಟೇ ಮಾಮೂಲಿಯಾಗಿತ್ತು. "ನಾನೂ ಕೆಳಗಿನಿಂದಲೇ ಬಂದವನು ಕಣಮ್ಮ," ಅಂದ, ಹಸಿ ಸುಳ್ಳು. "ಆಯ್ತು, ಸೋಮವಾರ ಹೋಗೋಣ. ಹಾಳೆ ತಯಾರು ಮಾಡು."

ಹಾಳೆ ತಯಾರು ಮಾಡಲು ಅವಳಿಗೆ ಅರ್ಧ ದಿನ ಹಿಡಿಯಿತು. ಅಚ್ಚಾಗಿದ್ದ ಇಲಾಖೆಯ ನಮೂನೆ ಕಪಾಟಿನ ತುಂಬ ಇತ್ತು. ಅದನ್ನು ಮುಟ್ಟಲಿಲ್ಲ. ತಾನೇ ಹೊಸದೊಂದು ಮಾಡಿದಳು. ಹೊತ್ತು, ಲೇನು, ಗಾಡಿಗಳ ಸಂಖ್ಯೆ, ಸಹಿ. ಕೊನೆಯ ಕಾಲಮ್ಮನ್ನು ತೆಗೆದುಹಾಕಿ, ಉಳಿದವನ್ನು ಅಂಚಿನ ತನಕ ಎಳೆದು ಅಗಲ ಮಾಡಿದಳು. ಒಂದು ಇರುವೆ ಕಾಲಿಡಲೂ ಜಾಗ ಉಳಿಯಲಿಲ್ಲ. ಮುದ್ರಿಸಿ ಕೈಯಲ್ಲಿ ಹಿಡಿದು ನೋಡಿದಳು. ಎಷ್ಟು ನೀಟಾಗಿತ್ತು ಅಂತೀರಿ!

ಸೋಮವಾರ ಬೆಳಿಗ್ಗೆ ಎಂಟೂವರೆಗೆ ದೊಡ್ಡ ಸಾಹೇಬ ಇಸ್ತ್ರಿ ಮಾಡಿದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಸೇತುವೆಯ ಕೆಳಗೆ ಬಂದ. ಅಪ್ಪ ಇಪ್ಪತ್ತೆರಡು ವರ್ಷ ಕೂತಿದ್ದ ಅದೇ ಕಟ್ಟೆ. ಅದರ ಮೇಲೆ ಅವನಿಗೆ ಅಂತ ಒಂದು ಮೆತ್ತೆ ಹಾಸಿದ್ದರು. ಜೊತೆಯಲ್ಲಿ ಅವನ ಮಗಳೂ ಬಂದಿದ್ದಳು. ಓದು ಮುಗಿಸಿ ಯಾವುದೋ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ, ಅಪ್ಪ ರಸ್ತೆಯಲ್ಲಿ ಕೂತು ಕೆಲಸ ಮಾಡುವುದನ್ನು ನೋಡಬೇಕು ಅಂತ ಅರ್ಧ ದಿನ ರಜ ಹಾಕಿ ಬಂದಿದ್ದಳು. ಸೇತುವೆಯಡಿಗೆ ಓರೆಯಾಗಿ ನುಗ್ಗುತ್ತಿದ್ದ ಬಿಸಿಲು ತಾಗದಂತೆ ಅಪ್ಪನಿಗೆ ಕೊಡೆ ಹಿಡಿದು ನಿಂತಳು. ಪತ್ರಿಕೆಯವರು ಫೋಟೋ ಹೊಡೆದರು. ಸಾಹೇಬ ಎಣಿಕೆ ಗುಂಡಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಹಲ್ಲು ಬಿಟ್ಟ.

ಮೊದಲ ಕಾಲು ಗಂಟೆ ಗುಂಡಿ ಟಿಕ್ ಟಿಕ್ ಅನ್ನುತ್ತಿತ್ತು. ಎರಡನೆಯದರಲ್ಲಿ ನಿಧಾನವಾಯಿತು. ಒಂಬತ್ತಾಗುವ ಹೊತ್ತಿಗೆ ರಸ್ತೆ ಕಟ್ಟಿಕೊಂಡಿತು. ಕಾರು, ಬಸ್ಸು, ಲಾರಿ, ಒಂದರ ಮೂತಿ ಇನ್ನೊಂದರ ಬೆನ್ನಿಗೆ. ಒಬ್ಬ ಬಸ್ ಡ್ರೈವರು ಇಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಸಾರ್, ನಮ್ಮನ್ನೂ ಎಣಿಸಿದ್ರಾ?" ಅಂತ ಕಿಚಾಯಿಸಿದ. ಹಾರನ್ನುಗಳ ಗಲಾಟೆಯಲ್ಲಿ ಸಾಹೇಬನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಒಂದು ಗಾಡಿ ತೆವಳಿಕೊಂಡು ಮುಂದೆ ಹೋದರೆ ಒಂದು ಟಿಕ್. ಮತ್ತೆ ಕಾಯಬೇಕು. ಒಂಬತ್ತೂಕಾಲಿಗೆ ಗುಂಡಿ ನೋಡಿ ಬರೆದ: ಎಂಬತ್ತೊಂದು.

ಬರೆದವನು ತಲೆ ಎತ್ತಿ ರಸ್ತೆ ನೋಡಿದ, ಮತ್ತೆ ಹಾಳೆ ನೋಡಿದ. ಹುಬ್ಬು ಗಂಟಿಕ್ಕಿದ. ಅವನು ಮೂರ್ಖನೇ ಇರಬಹುದು, ಕುರುಡನಂತೂ ಅಲ್ಲ.

"ಏನಮ್ಮ ಎಣಿಕೆ," ಅಂದ, "ಗಾಡಿ ಎಲ್ಲ ನಿಂತುಬಿಟ್ಟಿವೆಯಲ್ಲ. ಅದನ್ನ ಬರೆಯೋಕೆ ಇದರಲ್ಲಿ ಜಾಗ ಎಲ್ಲಿದೆ?"

ಕೊಡೆ ಹಿಡಿದಿದ್ದ ಹುಡುಗಿ ಎಣಿಕೆ ಮೇಡಮ್ಮಿನ ಮುಖವನ್ನೇ ನೋಡುತ್ತಿದ್ದಳು.

"ಅದೆಲ್ಲ ಬೇಡ ಸಾರ್," ಅಂದಳು ಎಣಿಕೆ ಮೇಡಂ. "ಸಮಿತಿಗೆ ಅಂಕಿ ಅಷ್ಟೇ ಸಾಕು. ನಿಮ್ಮ ವರದೀಲಿ ಇರೋದಕ್ಕೆ ಸರಿಯಾಗಿ ಹೊಂದುತ್ತೆ ನೋಡಿ."

ವರದಿಗೆ ಹೊಂದುತ್ತದೆ ಅನ್ನುವುದನ್ನು ಕೇಳಿದ್ದೇ ಸಾಹೇಬನ ಹುಬ್ಬು ಸಡಿಲವಾಯಿತು. ಹೌದಲ್ಲ, ಹೊಂದುತ್ತೆ! ಅವನಿಗೆ ರಸ್ತೆಗಿಂತ ವರದಿ ಹತ್ತಿರದ ನೆಂಟ. ಕೊನೆಯ ಕಾಲು ಗಂಟೆಯನ್ನೂ ಎಣಿಸಿ, ಕೆಳಗೆ ಸುತ್ತು ಸುತ್ತಾಗಿ ಸಹಿ ಮಾಡಿ ಕೊಟ್ಟ. ಹೊರಡುವಾಗ ಅವನ ಮಗಳು ಹತ್ತಿರ ಬಂದು, "ಥ್ಯಾಂಕ್ಸ್ ಅಕ್ಕಾ," ಅಂದಳು. "ಅಪ್ಪ ಇಷ್ಟು ಖುಷಿಯಾಗಿರೋದು ನೋಡಿ ಎಷ್ಟು ದಿನ ಆಗಿತ್ತು ಗೊತ್ತಾ?"

ನಾನೂ ಒಬ್ಬನ ಮಗಳೇ ಕಣೇ ಅಂತ ಮನಸ್ಸಿನಲ್ಲೇ ಅಂದುಕೊಂಡು ಎಣಿಕೆ ಮೇಡಂ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡಳು.

ಸಭೆ ಗುರುವಾರ. ಉದ್ದನೆಯ ಮೇಜು, ಸುತ್ತ ಹನ್ನೊಂದು ಜನ. ಅಧ್ಯಕ್ಷೆ ಒಬ್ಬ ಹಿರಿಯ ಹೆಂಗಸು, ಸಿಡುಕಿ, ಕಡತ ಓದದೆ ಸಭೆಗೆ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸುವವರು. ದೊಡ್ಡ ಸಾಹೇಬ ಗೋಡೆಯ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಅರ್ಧ ಗಂಟೆ ಮಾತಾಡಿದ. ಒಳಲೇನು ಖಾಲಿ, ಯಂತ್ರವೂ ಅದನ್ನೇ ಹೇಳುತ್ತದೆ, ನನ್ನ ಸ್ವಂತ ಕೈ ಎಣಿಕೆಯೂ ಅದನ್ನೇ ಹೇಳುತ್ತದೆ ಅಂದ.

"ಖಾಲಿನಾ?" ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ನಾನು ಇವತ್ತು ಬೆಳಿಗ್ಗೆ ಆ ಖಾಲಿ ಲೇನಲ್ಲೇ ಮುಕ್ಕಾಲು ಗಂಟೆ ಕೂತಿದ್ದೆನಲ್ರೀ."

ಒಂದಿಬ್ಬರು ಕಿಸಕ್ಕೆಂದರು. ಎಣಿಕೆ ಮೇಡಂ ಎದ್ದು ನಿಂತಳು. ಹತ್ತೊಂಬತ್ತು ವರ್ಷದಿಂದ ಕಾದಿದ್ದ ಗಳಿಗೆ.

"ಮೇಡಂ, ಮೂರು ಕಾಗದ ತೋರಿಸೋಕೆ ಅಪ್ಪಣೆ ಬೇಕು."

ಮೊದಲನೆಯದು ತನಿಖೆಯ ಕಡತ. ಅದೇ ಕಟ್ಟೆ, ಅದೇ ಒಳಲೇನು, ಒಂಬತ್ತರಿಂದ ಒಂಬತ್ತೂಕಾಲು, ಎಂಬತ್ತೆಂಟು ಗಾಡಿ. ಈ ಹೊತ್ತಿನಲ್ಲಿ ಇಷ್ಟು ಕಡಿಮೆ ಅಂಕಿ ಬರೆದವನು ನಿದ್ರಿಸುತ್ತಿದ್ದನೆಂದೇ ಅರ್ಥ ಅಂತ ಸಾಹೇಬ ಕೊಟ್ಟ ಹೇಳಿಕೆ, ಕೆಳಗೆ ಅವನದೇ ಸಹಿ. ಎರಡನೆಯದು ಸೋಮವಾರದ ಹಾಳೆ. ಎಂಬತ್ತೊಂದು, ಅದೇ ಸುತ್ತು ಸುತ್ತಿನ ಸಹಿ. ಮೂರನೆಯದು ಪತ್ರಿಕೆಯಲ್ಲಿ ಬಂದ ಫೋಟೋ. ಹಲ್ಲು ಬಿಟ್ಟ ಸಾಹೇಬ, ಅವನ ಹಿಂದೆ ಕಣ್ಣು ಹಾಯುವಷ್ಟು ದೂರ ನಿಂತ ಗಾಡಿಗಳು.

"ನಿದ್ದೆ ಮಾಡ್ತಿದ್ದೋನೂ ಸಾಹೇಬರಿಗಿಂತ ಏಳು ಗಾಡಿ ಜಾಸ್ತಿ ಎಣಿಸಿದ್ದಾನೆ ಮೇಡಂ," ಅಂದಳು.

ಅಧ್ಯಕ್ಷೆ ಮೂರೂ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದರು. "ಸಾಹೇಬ್ರೇ," ಅಂದರು, "ನೀವು ನಿದ್ದೆ ಮಾಡ್ತಿದ್ರಾ?"

"ಛೇ ಛೇ, ಏನು ಮಾತು ಮೇಡಂ! ನಾನು ಎಚ್ಚರವಾಗೇ ಇದ್ದೆ. ಗಾಡಿಗಳು ನಿಂತಿದ್ವು, ಅದಕ್ಕೇ ಅಂಕಿ ಕಮ್ಮಿ..." ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ಗಾಡಿ ನಿಂತಿದ್ವು ಅಂದ್ರೆ ಲೇನು ಖಾಲಿ ಇರ್ಲಿಲ್ಲ. ನಿಮ್ಮ ಹನ್ನೊಂದನೇ ಪುಟ ಕಸದ ಬುಟ್ಟಿಗೆ. ಆ ಎಣಿಕೆಗಾರನೂ ನಿದ್ದೆ ಮಾಡ್ತಿರ್ಲಿಲ್ಲ. ಹೌದೋ ಅಲ್ವೋ? ನಡಾವಳಿಗೆ ನಿಮ್ಮ ಬಾಯಿಂದಲೇ ಬರ್ಲಿ."

ಸಾಹೇಬನ ಹಣೆಯಲ್ಲಿ ಬೆವರಿಳಿಯಿತು. ನೀರಿನ ಲೋಟ ಎತ್ತಿದ, ಖಾಲಿ ಇತ್ತು, ಇಟ್ಟ. "ನಿದ್ದೆ ಮಾಡ್ತಿರ್ಲಿಲ್ಲ," ಅಂದ.

"ಕೇಳಿಸ್ಲಿಲ್ಲ."

"ಅವರು ನಿದ್ದೆ ಮಾಡ್ತಿರ್ಲಿಲ್ಲ ಮೇಡಂ."

ಗುಮಾಸ್ತ ಬರೆದುಕೊಂಡ. ಇಲ್ಲಿಗೆ ನಿಲ್ಲಿಸಬಹುದಿತ್ತು. ಅಪ್ಪನ ಸಾಲು ಅಳಿಸಿಹೋಗಿತ್ತು. ಟೋಲಿನ ಕರಡು ಬಿದ್ದಿತ್ತು, ಊರಿನ ಜನ ಒಂದು ಕಾಟದಿಂದ ಪಾರಾಗಿದ್ದರು. ಆದರೆ ಸಾಹೇಬ ತಲೆ ಎತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ನಿಧಾನವಾಗಿ ಏನೋ ಬೆಳಗುತ್ತಿತ್ತು.

"ಅಮ್ಮಾ," ಅಂದ, "ನಿಂತಿವೆ ಅಂತ ಬರೆಯೋಕೆ ಜಾಗ ಎಲ್ಲಿ ಅಂತ ನಾನು ನಿನ್ನ ಕೇಳಿದ್ದೆ ಅಲ್ವಾ? ಕಟ್ಟೆ ಮೇಲೆ? ಹೇಳಮ್ಮ, ಕೇಳಿದ್ದೆ ಅಲ್ವಾ?"

ಹನ್ನೊಂದು ಜೊತೆ ಕಣ್ಣು ಅವಳ ಕಡೆ ತಿರುಗಿದವು. ಕೇಳಿದ್ದ ಅಂದಿದ್ದರೆ ಅವನದು ಬರೀ ದಡ್ಡತನ ಆಗುತ್ತಿತ್ತು, ಉಗಿಸಿಕೊಂಡು ಮನೆಗೆ ಹೋಗುತ್ತಿದ್ದ. ಅಷ್ಟು ಸಾಲದು. ಅಪ್ಪ ಹೋದ ಹಾಗೇ ಅವನೂ ಹೋಗಬೇಕು.

"ನನಗೆ ನೆನಪಿಲ್ಲ ಸಾರ್," ಅಂದಳು. ಆಮೇಲೆ ಆ ಹಾಳೆಯನ್ನು ಎತ್ತಿ, ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು. "ಹಾಳೆಯಲ್ಲಿ ಇಲ್ವಲ್ಲ."

ಆ ಮಾತು ಯಾರದು, ಎಲ್ಲಿ ಆಡಿದ್ದು, ಎದುರಿಗೆ ನಿಂತವಳು ಯಾರು, ಎಲ್ಲ ಸಾಹೇಬನಿಗೆ ಒಟ್ಟಿಗೇ ಹೊಳೆದದ್ದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅಧ್ಯಕ್ಷೆ ಕೆಂಡವಾಗಿದ್ದರು. ಗಾಡಿ ನಿಂತದ್ದನ್ನು ಕಣ್ಣಾರೆ ಕಂಡೂ ಮುಚ್ಚಿಟ್ಟು, ಸಮಿತಿಗೆ ಖಾಲಿ ಅಂತ ಹೇಳಿದ್ದು ಬೇಕಂತಲೇ ಮಾಡಿದ ಮೋಸ ಅಂತ ಬರೆಸಿದರು. ಅಂದು ಸಂಜೆಯೊಳಗೆ ಸಾಹೇಬನ ಅಮಾನತಿನ ಆದೇಶ ಬಂತು. ಸಲಹೆಗಾರನ ಕುರ್ಚಿ ಗಾಳಿಗೆ ಹೋಯಿತು. ಅವನು ಪೆಟ್ಟಿಗೆಯಲ್ಲಿ ಹಿತ್ತಾಳೆಯ ಸೇತುವೆ ಇಟ್ಟುಕೊಂಡು ಮೆಟ್ಟಿಲಿಳಿಯುವಾಗ ಕಚೇರಿಯವರೆಲ್ಲ ಕಂಪ್ಯೂಟರಿನೊಳಗೆ ಮುಖ ಹುದುಗಿಸಿಕೊಂಡರು. ಅವನು ಬಾಗಿಲು ದಾಟಿದ್ದೇ ತಡ, ಒಬ್ಬ ಯಾವುದೋ ಹಾಳೆ ಎತ್ತಿ, "ಇದು ಸಾಹೇಬರ ಹಾಳೆ ಕಣ್ರೋ, ಪಕ್ಕಕ್ಕಿಡಿ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಣಿಕೆ ಮೇಡಂ ಆರು ವರ್ಷದಲ್ಲಿ ಮೊದಲ ಸಲ ನಿಜವಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಮನೆಯೆಂದರೆ ಎರಡು ಕೋಣೆ. ಅಪ್ಪ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ಈಗ ಅವನಿಗೆ ಮಂಡಿ ನೋವು, ಉಬ್ಬಸ, ಆದರೂ ಕೆಳಗಿನ ಬೀದಿಯಲ್ಲಿ ಗಾಡಿ ಹೋದರೆ ಹೆಬ್ಬೆರಳು ತಾನಾಗಿಯೇ ಅಲ್ಲಾಡುತ್ತಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ಅವನ ಕಾಲ ಬಳಿ ಕೂತು ಎಲ್ಲ ಹೇಳಿದಳು.

ಅಪ್ಪನ ಮುಖ ಅರಳಿದ್ದು ಅರಳಿದ್ದೇ. "ಏನಂದ? ಇನ್ನೊಂದ್ಸಲ ಹೇಳು."

"ಅವರು ನಿದ್ದೆ ಮಾಡ್ತಿರ್ಲಿಲ್ಲ ಮೇಡಂ, ಅಂದ."

"ಅವರು ಅಂದ್ನಾ? ಅವನು ಅನ್ಲಿಲ್ವಾ?"

"ಇಲ್ಲಪ್ಪ. ಅವರು ಅಂತಲೇ ಅಂದ."

"ಬೆವರಿದ್ನಾ?"

"ತೊಪ್ಪೆಯಾಗಿ ಹೋಗಿದ್ದ."

"ಹಾಳಾಗಿ ಹೋಗ್ಲಿ ನನ್ ಮಗ!" ಅಂತ ಅಪ್ಪ ಕುರ್ಚಿಯ ಕೈ ಕುಟ್ಟಿ ಕುಟ್ಟಿ ನಕ್ಕ, ಕೆಮ್ಮಿದ, ಮತ್ತೆ ನಕ್ಕ. "ನಿಮ್ಮಮ್ಮ ಇರ್ಬೇಕಿತ್ತು ಕಣೇ. ಏಳು ಗಾಡಿ ಜಾಸ್ತಿ ಅಂದ್ಯಾ? ಭಲೇ! ಎಲ್ಲಿ, ಆ ಹಾಳೆ ತೋರ್ಸು. ಚೌಕಟ್ಟು ಹಾಕ್ಸಿ ಗೋಡೆಗೆ ಹೊಡೀತೀನಿ."

ಅವಳು ಹಾಳೆಯ ಪ್ರತಿಯನ್ನು ಚೀಲದಿಂದ ತೆಗೆದು ಕೊಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡ. ಬೆರಳನ್ನು ಸಾಲಿನ ಮೇಲೆ ಎಡದಿಂದ ಬಲಕ್ಕೆ ಆಡಿಸಿಕೊಂಡು ಹೋದ. ಹೊತ್ತು, ಲೇನು, ಸಂಖ್ಯೆ, ಸಹಿ. ಬೆರಳು ಹಾಳೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿತು.

"ಷರಾ ಎಲ್ಲಿ?"

ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು.

"ಇದು ಇಲಾಖೆ ಹಾಳೆ ಅಲ್ಲ. ಯಾರು ಮಾಡಿದ್ದು?"

"ನಾನೇ."

ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದ. ಕೆಳಗೆ ಬೀದಿಯಲ್ಲಿ ಎರಡು ಗಾಡಿ ಹೋದವು. ಅವನ ಹೆಬ್ಬೆರಳು ಅಲ್ಲಾಡಲಿಲ್ಲ.

"ಬರೆಯೋಕೆ ಜಾಗ ಎಲ್ಲಿ ಅಂತ ಅವನು ಕೇಳ್ಲಿಲ್ವಾ?"

"ಕೇಳಿದ."

"ನೀನೇನಂದೆ?"

"ಬೇಡ ಅಂದೆ."

"ಸಭೇಲಿ ಏನಂದೆ?"

"ನೆನಪಿಲ್ಲ ಅಂದೆ." ಅವಳು ಅವನ ಮಂಡಿ ಹಿಡಿದುಕೊಂಡಳು. "ಅಪ್ಪಾ, ಅವನು ನಿನಗೆ ಮಾಡಿದ್ದನ್ನೇ ಮಾಡಿದೆ. ಒಂದು ಗುಲಗಂಜಿಯಷ್ಟೂ ಜಾಸ್ತಿ ಮಾಡಿಲ್ಲ. ನಿನಗೋಸ್ಕರ ಕಣಪ್ಪಾ. ಹತ್ತೊಂಬತ್ತು ವರ್ಷ ಹೊಟ್ಟೇಲಿ ಬೆಂಕಿ ಇಟ್ಕೊಂಡು ಓಡಾಡಿದೀನಿ ನಾನು."

"ಗೊತ್ತು ಮಗಳೇ," ಅಂದ ಅಪ್ಪ. ಅವಳ ತಲೆಯ ಮೇಲೆ ಕೈ ಇಟ್ಟ. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು. ಅವನಿಗೆ ಕೋಪ ಬಂದಿದೆಯೋ ಅಳು ಬಂದಿದೆಯೋ ಅಂತ ಅವಳಿಗೆ ಕೆಳಗಿನಿಂದ ಕಾಣಲಿಲ್ಲ.

"ಅವನು ಕೇಳಿದಾಗ, ನೀನು ಬೇಡ ಅಂದಾಗ, ಪಕ್ಕದಲ್ಲಿ ಯಾರಿದ್ರು?"

ಅವಳಿಗೆ ಕೊಡೆ ನೆನಪಾಯಿತು. ಅದರ ನೆರಳಿನಿಂದ ತನ್ನನ್ನೇ ನೋಡುತ್ತಿದ್ದ ಮುಖ ನೆನಪಾಯಿತು. ಅಕ್ಕಾ ಅಂದಿದ್ದಳು.

"ಅವನ ಮಗಳಿದ್ಳು ಅಪ್ಪ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಯೊಳಗೇ ವಾಪಸು ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

"ಜೋಪಾನವಾಗಿಟ್ಕೋ," ಅಂದ. "ಒಂದಲ್ಲ ಒಂದಿನ ಅವಳು ಇದನ್ನ ಹುಡುಕ್ಕೊಂಡು ಬರ್ತಾಳೆ."